ಅತಿಥಿಯ ಕೈಗೆ ಕೊಟ್ಟ ಬಂದೂಕು

ಜಿಂದೋಗ ಸತ್ತ ಮರುದಿನ ಬೆಳಿಗ್ಗೆ ಅವನ ಹೆಂಡತಿ ಅವನ ಹಸಿರು ಕೋಟು, ತೇಪೆ ಹಾಕಿದ ಚಡ್ಡಿ, ಟಯರಿನ ಚಪ್ಪಲಿ ಮೂರನ್ನೂ ತಂದು ನನ್ನ ಮುಂದೆ ಇಟ್ಟಳು. ಅವುಗಳನ್ನು ಹಾಕಿಕೊಂಡು ನಾನು ಅವನ ಹಾಗೆ ನಡೆಯಬೇಕು, ಅವನ ಹಾಗೆ ಮಾತಾಡಬೇಕು, ಸಾವಿಗೆ ಬಂದವರನ್ನೆಲ್ಲ ನಗಿಸಬೇಕು. ನಾನು ಅವನ ಸಾಹ್ವಿರ. ನಮ್ಮ ದಾಂದೆ ಸೀಮೆಯಲ್ಲಿ ಪ್ರತಿ ಮನೆತನಕ್ಕೂ ಇಂಥದೊಂದು ಜೊತೆ ಮನೆತನ ಇದ್ದೇ ಇರುತ್ತದೆ. ಸತ್ತವನ ಮೈ ತೊಳೆಯುವವನು ಸಾಹ್ವಿರ, ಗುಂಡಿ ತೋಡುವವನು ಅವನೇ, ಹೆಣದ ಮುಂದೆ ನಿಂತು ಸತ್ತವನ ಮಾನ ಹರಾಜು ಹಾಕುವವನೂ ಅವನೇ. ಅವನು ಏನೇ ಅಂದರೂ ಯಾರೂ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ನನ್ನ ಅಜ್ಜ ಜಿಂದೋಗನ ಅಜ್ಜನಿಗೆ ಇದನ್ನು ಮಾಡಿದ್ದ, ನನ್ನ ಅಪ್ಪ ಅವನ ಅಪ್ಪನಿಗೆ ಮಾಡಿದ್ದ.

ಆದರೆ ಆ ಬೆಳಿಗ್ಗೆ ಗುಂಡಿ ಎಲ್ಲಿ ತೋಡಬೇಕೆಂಬುದೇ ಇತ್ಯರ್ಥವಾಗಿರಲಿಲ್ಲ. ಜಿಂದೋಗನ ದೊಡ್ಡಪ್ಪ ಕಂಬರಾಮಿ, ಆ ಮನೆತನಕ್ಕೆ ಹಿರಿಯ, "ಅವರಪ್ಪನ ಪಕ್ಕ ಬೇಡ, ಹೊಳೆ ದಂಡೆಗೆ ಹಾಕಿ" ಎಂದುಬಿಟ್ಟಿದ್ದ. ಅವರದು ಕಾಡುಕೋಣದ ಕುಲ. ಕೋಣದ ಮಾಂಸವನ್ನು ಅವರು ಬಾಯಿಗಿಡುವುದಿಲ್ಲ. ಒಬ್ಬರನ್ನೊಬ್ಬರು ಕರೆಯುವುದೇ ನ್ಯಾತಿ ಎಂದು, ಅಂದರೆ ಕೋಣ ಎಂದು. ಅಂಥ ಕುಲದಲ್ಲಿ ಹುಟ್ಟಿದವನು ಇಪ್ಪತ್ತು ವರ್ಷ ಕೋಣದ ಹೆಜ್ಜೆ ಹಿಡಿದು ಪರದೇಶದ ಬೇಟೆಗಾರರಿಗೆ ತೋರಿಸಿಕೊಟ್ಟ, ಕೊನೆಗೆ ಕೋಣವೇ ಬಂದು ಅವನನ್ನು ತೆಗೆದುಕೊಂಡು ಹೋಯಿತು, ತಪ್ಪು ಅವನದೇ ಎಂಬುದು ಕಂಬರಾಮಿಯ ವಾದ. ಹೊಳೆ ದಂಡೆಯ ಹಸಿ ಮಣ್ಣಿಗೆ ಹಾಕುವುದು ಹಾಳು ಸಾವು ಸತ್ತವರನ್ನು. ಅಲ್ಲಿ ಮಲಗಿದವನ ಹೆಸರನ್ನು ಮಕ್ಕಳು ಹಿರಿಯರ ಪೂಜೆಯಲ್ಲಿ ಕೂಗುವಂತಿಲ್ಲ, ಮೊಮ್ಮಕ್ಕಳಿಗೆ ಇಡುವಂತಿಲ್ಲ.

ತಪ್ಪು ಅವನದಲ್ಲ. ಯಾರದೆಂದು ನನಗೆ ಗೊತ್ತಿತ್ತು, ನನ್ನದು. ಅದನ್ನು ಗೊತ್ತಿಟ್ಟುಕೊಂಡೇ ನಾನು ಆ ಕೋಟಿನ ತೋಳಿಗೆ ಕೈ ತೂರಿಸಿದೆ.

ನಾನು ಲೈಸೆನ್ಸು ಪಡೆದ ಬೇಟೆಗಾರ. ಪರದೇಶದವರನ್ನು ಕಾಡಿಗೆ ಕರೆದೊಯ್ದು, ಅವರು ಗುಂಡು ಹಾರಿಸುವಾಗ ಪಕ್ಕದಲ್ಲಿ ನಿಂತು, ಅವರು ಕೆಡಿಸಿದ್ದನ್ನು ಸರಿಮಾಡುವುದು ನನ್ನ ಕೆಲಸ. ಜಿಂದೋಗ ನನ್ನ ಹೆಜ್ಜೆಗಾರ. ಕಣ್ಣನ್ನು ನೆಲದ ಮೇಲಿಟ್ಟು ಅವನು ಮುಂದೆ ನಡೆಯುತ್ತಾನೆ. ನೆಲ ನೋಡುವವನಿಗೆ ಪೊದೆ ಕಾಣುವುದಿಲ್ಲ, ಆದ್ದರಿಂದ ಅವನ ಬೆನ್ನ ಹಿಂದೆ ಬಂದೂಕು ಹಿಡಿದು ನಾನು. ಅವನ ಕೈಯಲ್ಲಿ ಇರುವುದು ಒಂದು ಕೋಲು, ಗಾಳಿ ಎತ್ತ ಬೀಸುತ್ತದೆಂದು ನೋಡಲು ಬೂದಿ ತುಂಬಿದ ಸಣ್ಣ ಬಟ್ಟೆಯ ಚೀಲ, ಅಷ್ಟೇ. ಹದಿನಾಲ್ಕು ವರ್ಷ ಹೀಗೇ ನಡೆದಿದ್ದೆವು.

ಅವನ ಹೆಂಡತಿ ಮುಚನೆತಳಿಗೆ ಈ ಏರ್ಪಾಡು ದೊಡ್ಡ ತಮಾಷೆಯಾಗಿತ್ತು. ಊರೆಲ್ಲ ಅವಳನ್ನು ಹಿರಿಮಗನ ಹೆಸರು ಸೇರಿಸಿ ಮಾಯಿ ಫರಾಯಿ ಎನ್ನುತ್ತದೆ, ಫರಾಯಿಯ ತಾಯಿ ಎಂದು. ಅವಳು ಜೋಳದ ಹೆಂಡ ಬೇಯಿಸುವುದರಲ್ಲಿ ಎತ್ತಿದ ಕೈ, ಬಾಯಿ ಅದಕ್ಕಿಂತ ಒಂದು ಕೈ ಮೇಲೆ. ಈ ಸಲ ಕಾಡಿಗೆ ಹೊರಟ ದಿನವೂ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಏನಪ್ಪಾ ತವೆಂಗ್ವಾ, ನನ್ನ ಗಂಡನ್ನ ಮುಂದೆ ಬಿಟ್ಟು ನೀನು ಹಿಂದೆ ಬಚ್ಚಿಟ್ಕೊಂಡು ನಡೀತೀಯಂತೆ?"

"ಅವನ ಮೈ ವಾಸ್ನೆಗೇ ಕೋಣ ಬಿದ್ದುಹೋದ್ರೆ ನನಗೊಂದು ಗುಂಡು ಉಳೀತು ಅಂತ ಮಾಯಿ."

"ವಾಸ್ನೇನ? ನಿನ್ನ ಮೂಗಿನ ಕೆಳಗೇ ಇರೋದನ್ನ ಬೇರೆಯವರ ಮೇಲೆ ಹಾಕ್ಬೇಡ. ಹೋದ ಹಾಗೆ ತಂದು ಒಪ್ಸು ಅವನ್ನ."

ಜಿಂದೋಗ ಗಾಡಿಯ ಹಿಂಭಾಗದಲ್ಲಿ ಕೂತು ಹಲ್ಲು ಕಿಸಿದ. "ಒಪ್ಸೋಕೆ ನಾನೇನು ಜೋಳದ ಮೂಟೇನಾ?" ಎಂದ.

ಶಿಬಿರದಲ್ಲಿ ನಮಗಾಗಿ ಕಾದಿದ್ದವನು ಹೆನ್ರಿಕ್. ಡೆನ್ಮಾರ್ಕಿನ ಮರದ ವ್ಯಾಪಾರಿ, ಅರವತ್ತರ ಆಸುಪಾಸು, ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವನು ಕೆಟ್ಟವನಾಗಿದ್ದರೆ ನನ್ನ ಪಾಡು ಎಷ್ಟೋ ಸುಲಭವಾಗುತ್ತಿತ್ತು. ಅಡುಗೆಯವನಿಗೂ ಕೈಕುಲುಕಿದ. ಬೆಂಡೆಕಾಯಿ ಲೋಳೆಯ ಜೊತೆ ಸಾದ್ಜಾ ಮುದ್ದೆಯನ್ನು ಕೈಯಲ್ಲೇ ಉಂಡ. ಹೊಡೆದ ಪ್ರಾಣಿಯ ಕೊಂಬು ಅಳೆಯಲು ಟೇಪು ಹಿಡಿದುಕೊಂಡು ಬರುವ ಜಾತಿಯವನಲ್ಲ.

ಅವನ ಬಂದೂಕು ಮುನ್ನೂರೆಪ್ಪತ್ತೈದು ಅಳತೆಯದು. ಕೋಣಕ್ಕೆ ಕಾನೂನು ಒಪ್ಪುವ ಅತಿ ಸಣ್ಣ ಗುಂಡು ಅದೇ, ಅದಕ್ಕಿಂತ ಸಣ್ಣದು ಕೂಡದು. ನನ್ನದು ನಾನೂರೈವತ್ತೆಂಟು. ನನಗೆ ಕೆಲಸ ಕಲಿಸಿದ ಮುದುಕ ಬೇಟೆಗಾರ ದೇಶ ಬಿಟ್ಟು ಹೋಗುವಾಗ ಬಿಟ್ಟುಹೋದ ಬಂದೂಕು, ಹಿಡಿಯ ಮರ ಅವನ ಕೆನ್ನೆ ಉಜ್ಜಿ ಉಜ್ಜಿ ಕಪ್ಪಾಗಿದೆ. ಜಿಂದೋಗ ಎರಡಕ್ಕೂ ಹೆಸರಿಟ್ಟಿದ್ದ. ನನ್ನದು ಮಾವ, ಯಾಕೆಂದರೆ ಹೆಣ್ಣು ಕೊಟ್ಟ ಮಾವನ ಮುಂದೆ ನಮ್ಮಲ್ಲಿ ಯಾರೂ ಕೆಮ್ಮುವುದೂ ಇಲ್ಲ. ಮುನ್ನೂರೆಪ್ಪತ್ತೈದು ಯಾವನದೇ ಆಗಲಿ, ಅದು ಬಾಮೈದ. ಬಾಮೈದನ ಬೆನ್ನಿಗೆ ಗುದ್ದಿ ತಮಾಷೆ ಮಾಡಬಹುದು.

ಮೊದಲ ದಿನ ಸಂಜೆ ಒಣಗಿದ ಮೊಪಾನೆ ಮರಕ್ಕೆ ಕಾಗದ ಅಂಟಿಸಿ ಎಪ್ಪತ್ತು ಹೆಜ್ಜೆಯಿಂದ ಹೆನ್ರಿಕ್‌ನ ಕೈ ನೋಡಿದೆವು. ತನ್ನ ಬಂದೂಕಿನಲ್ಲಿ ಮೂರು ಹೊಡೆದ. ಮೂರು ತೂತನ್ನೂ ಜಿಂದೋಗ ಒಂದೇ ಅಂಗೈಯಲ್ಲಿ ಮುಚ್ಚಿ ತೋರಿಸಿದ. ನನಗೂ ಖುಷಿಯಾಯಿತು. ಆಮೇಲೆ ಹೆನ್ರಿಕ್ ನನ್ನ ಹತ್ತಿರ ಬಂದು, ಸ್ವಲ್ಪ ಸಂಕೋಚದಿಂದಲೇ, ಒಂದು ಮಾತು ಕೇಳಿದ.

"ಪ್ರಾಣಿ ನರಳಬಾರದು. ಅದೊಂದೇ ನನ್ನ ಚಿಂತೆ. ನನ್ನ ಬಂದೂಕು ಸಾಕಾ?"

ಸಾಕು ಎಂಬುದು ಸರಿಯಾದ ಉತ್ತರ. ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ಜಿಂದೋಗ ನನ್ನ ಎದುರು ಕೂತು ನಶ್ಯ ಏರಿಸುತ್ತಿದ್ದ. ನಾನೋ, "ಸಾಕು, ಆದರೆ ಇದು ಇನ್ನೂ ಒಳ್ಳೇದು" ಎಂದು ನನ್ನ ಬಂದೂಕನ್ನು ಮುಂದೆ ಹಿಡಿದೆ. ಗುಂಡು ದೊಡ್ಡದಾದಷ್ಟೂ ದಯೆ ದೊಡ್ಡದು, ಬೇಗ ಬೀಳುತ್ತದೆ, ಬೇಗ ಸಾಯುತ್ತದೆ ಎಂದು ಅವನಿಗೆ ಉಪದೇಶ ಮಾಡಿದೆ. ಅದರಲ್ಲಿ ಸುಳ್ಳೇನೂ ಇಲ್ಲ, ಬೀಳಬೇಕಾದ ಜಾಗಕ್ಕೆ ಬಿದ್ದರೆ. ಒಳಗಿನ ಮಾತು ಏನೆಂದರೆ ಆ ಬಂದೂಕನ್ನು ಯಾರಾದರೂ ಮೆಚ್ಚಿ ಹೆಗಲಿಗೇರಿಸಿದರೆ ನನ್ನ ಎದೆ ಉಬ್ಬುತ್ತಿತ್ತು. ಅವನು ನಮ್ಮ ಕ್ರಮ ಕಲಿತಿದ್ದ. ಎರಡು ಸಲ ಮೆಲ್ಲನೆ ಚಪ್ಪಾಳೆ ತಟ್ಟಿ ಎರಡೂ ಕೈ ಚಾಚಿದ. ನಾನು ಎರಡೂ ಕೈಯಲ್ಲಿ ಕೊಟ್ಟೆ.

ಹೊಡೆದ. ಮೊದಲ ಗುಂಡು ಕಾಗದದ ಅಂಚಿಗೆ, ಎರಡನೆಯದು ಬುಡದ ಮಣ್ಣಿಗೆ. ಮೂರನೆಯದಕ್ಕೆ ಕಾಗದದಿಂದ ಒಂದು ಮೊಳ ಎಡಕ್ಕೆ ತೊಗಟೆ ಹಾರಿತು. ಅವನ ಹೆಗಲು ಕೆಂಪಾಗಿತ್ತು, ಆದರೂ ನಗುತ್ತ "ಇದು ಬಂದೂಕು!" ಎಂದ. ಜಿಂದೋಗ ನನ್ನನ್ನು ಗಾಡಿಯ ಹಿಂದಕ್ಕೆ ಎಳೆದುಕೊಂಡು ಹೋದ. ನಾನು ಸಿಂಹದ ಕುಲದವನು, ಶುಂಬಾ ಎಂದೇ ಅವನು ನನ್ನನ್ನು ಕರೆಯುವುದು.

"ಲೋ ಶುಂಬಾ, ನೋಡ್ದಾ?" ಎಂದವನೇ ಕೋಲನ್ನು ಹೆಗಲಿಗಿಟ್ಟು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಹಿಂಡಿಕೊಂಡು, ಕಹಿ ಕಷಾಯ ಕುಡಿಯುವವನಂತೆ ತುಟಿ ಕಚ್ಚಿದ. "ಬಂದೂಕಿನ ಕುದುರೆ ಎಳೆಯೋಕೆ ಮುಂಚೇನೇ ದೇವ್ರನ್ನ ನೆನೀತಾನೆ ಕಣೋ ಇವ್ನು!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ.

"ಅವ್ನಿಗೆ ಬಾಮೈದ ಸಾಕು. ಬಾಮೈದನ ಜೊತೆ ಇದ್ದಾಗ ಕಣ್ಣು ತೆರೆದಿತ್ತು ಅವ್ನಿಗೆ. ಹೆದರ್ಕೊಂಡು ಹೊಡೆದ್ರೆ ಎಷ್ಟು ದೊಡ್ಡ ಗುಂಡಾದ್ರೇನು? ಹೊಟ್ಟೆಗೇ ಹೋಗೋದು. ಮಾವ ನಿನ್ನ ಕೈಲಿ ಇರ್ಲಿ, ನನ್ನ ಬೆನ್ನ ಹಿಂದೆ."

"ಕೋಣ ಎದುರಿಗೆ ಬಂದಾಗ ಬಂದೂಕಿನ ಒದೆತ ಯಾರಿಗೂ ಗೊತ್ತಾಗಲ್ಲ ಬಿಡೋ. ಕಾಗದಕ್ಕೆ ಹೊಡೆಯೋವಾಗ ಎಲ್ರಿಗೂ ಹಿಂಗೇ."

"ನಿನಗೆ ನಿನ್ನ ಬಂದೂಕಿನ ಜೊತೆ ಮದುವೆ ಮಾಡ್ಬೇಕಾಗಿದೆ," ಎಂದು ಬೈದು ಅವನು ಒಲೆಯ ಕಡೆ ಹೋದ.

ಮೂರನೆಯ ದಿನ ಬೆಳಗಾಗುತ್ತಲೇ ಕೆರೆಯ ಕೆಸರಿನಲ್ಲಿ ಎರಡು ಮುದಿ ಕೋಣಗಳ ಹೆಜ್ಜೆ ಸಿಕ್ಕಿತು. ಸೆಪ್ಟೆಂಬರಿನ ಬಿಸಿಲು, ಎಲೆಯುದುರಿದ ಕಾಡು, ಕಾಲಿಟ್ಟಲ್ಲೆಲ್ಲ ಸದ್ದು. ಜಿಂದೋಗ ನಾಲ್ಕು ಗಂಟೆ ಕಾಲ ನಮ್ಮನ್ನು ಆ ಹೆಜ್ಜೆಯ ಮೇಲೆ ನಡೆಸಿದ. ಸಗಣಿಗೆ ಬೆರಳು ಅದ್ದಿ ಬಿಸಿ ನೋಡಿದ. ಕಲ್ಲಿನ ಮೇಲೆ ನನಗೆ ಏನೂ ಕಾಣದ ಕಡೆ ಅವನು ನಿಲ್ಲದೆ ನಡೆದ. "ಇವತ್ತು ನಿಮ್ಮ ಚಿಕ್ಕಪ್ಪ ಬಲು ದೂರ ಹೊರಟಿದಾನಲ್ಲೋ ನ್ಯಾತಿ," ಎಂದು ನಾನು ಪಿಸುಗುಟ್ಟಿದರೆ, "ನಿನ್ನ ಮುಖ ನೋಡೋದು ಬೇಡ ಅಂತ," ಎಂದು ತಿರುಗದೆಯೇ ಹೇಳಿದ. ಹೆನ್ರಿಕ್‌ನ ಕೈಯಲ್ಲಿ ನನ್ನ ಬಂದೂಕು, ನನ್ನ ಕೈಯಲ್ಲಿ ಅವನದು. ಅದರಲ್ಲಿ ತುಂಬಿದ್ದ ಗುಂಡುಗಳೂ ಅವನವೇ, ಮೃದು ಮೂತಿಯವು.

ಅರವತ್ತು ಹೆಜ್ಜೆ ದೂರದಲ್ಲಿ ದೊಡ್ಡದು ಅಡ್ಡ ನಿಂತಿತ್ತು. ಮೈಯೆಲ್ಲ ಒಣಗಿದ ಕೆಸರು, ಕಿವಿ ಹರಿದಿತ್ತು. ಹಿಂಡು ಬಿಟ್ಟು ಬಂದ ಮುದುಕ, ಇನ್ನೆರಡು ಬೇಸಿಗೆ ಕಂಡರೆ ಹೆಚ್ಚು. ಇಂಥದನ್ನು ಹೊಡೆಯುವುದರಲ್ಲಿ ನನಗೆ ಎಂದೂ ಅಳುಕಾಗಿಲ್ಲ, ಹೊಡೆತ ಸರಿಯಿದ್ದರೆ. ಮೂರು ಕಾಲಿನ ಕೋಲು ನಿಲ್ಲಿಸಿದೆ. ಹೆನ್ರಿಕ್ ಬಂದೂಕನ್ನು ಅದರ ಮೇಲೆ ಇಟ್ಟ. ಹೆಗಲ ಹಿಂದೆ, ಮೂರನೇ ಒಂದು ಭಾಗ ಮೇಲಕ್ಕೆ ಎಂದೆ. ನಾನು ಕೋಣವನ್ನು ನೋಡುತ್ತಿದ್ದೆ. ಜಿಂದೋಗ ಹೆನ್ರಿಕ್‌ನ ಕಣ್ಣನ್ನು ನೋಡುತ್ತಿದ್ದ.

ಗುಂಡು ಎಲುಬಿಗೆ ಬಿದ್ದರೆ ಕೊಡಲಿ ಏಟಿನ ಸದ್ದು ಬರುತ್ತದೆ. ಇದು ತುಂಬಿದ ಮೂಟೆಗೆ ಒದ್ದ ಸದ್ದು. ಕೋಣ ಬೆನ್ನು ಗೂನು ಮಾಡಿ ಒಂದು ಸಲ ಜಿಗಿದು, ನಾನು ಗುರಿ ಹಿಡಿಯುವಷ್ಟರಲ್ಲಿ ಮುಳ್ಳುಪೊದೆ ಹೊಕ್ಕಿತು.

"ಹೊಟ್ಟೆ," ಎಂದ ಜಿಂದೋಗ, ಅಷ್ಟೇ.

ಗಾಯಗೊಂಡದ್ದನ್ನು ಬಿಟ್ಟು ಬರುವ ಹಾಗಿಲ್ಲ. ಅದು ಕಾನೂನು, ಕಾನೂನು ಇಲ್ಲದಿದ್ದರೂ ಬರುವ ಹಾಗಿಲ್ಲ. ಹೊಟ್ಟೆಗೆ ಗುಂಡು ತಿಂದ ಪ್ರಾಣಿ ಎರಡು ದಿನ ಸಾಯದೆ ನರಳುತ್ತದೆ, ನಡುವೆ ಸೌದೆಗೆ ಬಂದ ಹೆಂಗಸರ ಮೇಲೂ ಬೀಳುತ್ತದೆ. ಅರ್ಧ ಗಂಟೆ ಕಾದೆವು. ಹೆನ್ರಿಕ್ ಮರದ ಬುಡದಲ್ಲಿ ಕೂತು ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ. "ಗಾಯ ಮಾಡಿದವನು ನಾನು. ಮುಗಿಸುವುದೂ ನಾನೇ. ದಯವಿಟ್ಟು ನನ್ನನ್ನು ಬಿಟ್ಟುಹೋಗಬೇಡಿ," ಎಂದ. ಬೇಟೆಗಾರನ ಬಾಯಲ್ಲಿ ಇದು ಮರ್ಯಾದೆಯ ಮಾತು.

ಜಿಂದೋಗ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಮಾವನ್ನ ಇಸ್ಕೋ ಅವನ ಹತ್ರ."

"ಹೆಂಗೆ ಇಸ್ಕೊಳ್ಳಲೋ? ಕೊಟ್ಟುಬಿಟ್ಟಿದೀನಿ."

"ಕೊಟ್ಟಿದ್ದು ಹೊಡೆಯೋಕೆ. ಹೊಡೆದಾಯ್ತಲ್ಲ."

"ಮುಖ ನೋಡೋ ಅವನ್ದು. ಈಗ ಕೈಯಿಂದ ಕಿತ್ಕೊಂಡ್ರೆ ಕೆನ್ನೆಗೆ ಹೊಡೆದ ಹಾಗಲ್ವಾ? ಅವ್ನು ಅತಿಥಿ."

ಎರಡು ಕೈಯಲ್ಲಿ ಕೊಟ್ಟದ್ದನ್ನು, ಅದು ಕಂಬಳಿಯಾಗಲಿ ಹೆಂಡದ ಬುರುಡೆಯಾಗಲಿ, ಅತಿಥಿ ತಾನಾಗಿ ಹಿಂದಕ್ಕೆ ಕೊಡುವವರೆಗೆ ನಾವು ಕೇಳುವುದಿಲ್ಲ. ನನ್ನ ಅಮ್ಮ ನನಗೆ ಹೊಡೆದು ಕಲಿಸಿದ ಪಾಠ ಅದು. ನನ್ನ ಜಾಗದಲ್ಲಿ ಪರದೇಶದ ಬೇಟೆಗಾರ ಇದ್ದಿದ್ದರೆ ಒಂದು ಮಾತೂ ಆಡದೆ ಬಂದೂಕು ಅದಲುಬದಲು ಮಾಡಿಕೊಳ್ಳುತ್ತಿದ್ದ, ನನ್ನ ಗುರು ಮುದುಕ ಖಂಡಿತ ಮಾಡುತ್ತಿದ್ದ. ನಾನು ಮುಳ್ಳುಪೊದೆಯ ಬಾಯಲ್ಲಿ ಕೂತು ಒಳ್ಳೆಯ ಮನೆತನದವನಾದೆ.

ಜಿಂದೋಗ ಎರಡನೆಯ ಸಲ ಕೇಳಲಿಲ್ಲ. ಬೂದಿಯ ಚೀಲ ಕೊಡವಿ ಗಾಳಿ ನೋಡಿಕೊಂಡ. ಆಮೇಲೆ ತಲೆ ತಗ್ಗಿಸಿ ರಕ್ತದ ಜಾಡು ಹಿಡಿದು ಪೊದೆಯೊಳಗೆ ನಡೆದ.

ನೂರು ಹೆಜ್ಜೆ ಹೋಗಿರಬೇಕು. ಜಾಡು ನೇರ ಮುಂದಕ್ಕಿತ್ತು, ಕೋಣ ಬಂದದ್ದು ಎಡದಿಂದ, ನಾವು ಆಗಲೇ ದಾಟಿಬಂದ ಕಡೆಯಿಂದ. ಸುತ್ತು ಹಾಕಿ ಬಂದು ಕಾದು ನಿಂತಿತ್ತು. ಜಿಂದೋಗನಿಗೂ ಅದಕ್ಕೂ ನಡುವೆ ಹನ್ನೆರಡು ಹೆಜ್ಜೆ. ನಾನು ಹೊಡೆದೆ. ಪಕ್ಕದಿಂದ ಹೃದಯಕ್ಕೆ ಹೊಡೆಯಲು ಮೃದು ಮೂತಿಯ ಗುಂಡು ಒಳ್ಳೆಯದು, ಎದುರಿನಿಂದ ಬರುವ ಕೋಣದ ಕೊಂಬಿನ ಬುಡಕ್ಕೆ ಬಿದ್ದರೆ ಅದು ಚೂರಾಗುತ್ತದೆ. ಚೂರಾಯಿತು. ಕೋಣ ತಲೆಯನ್ನು ಸಹ ಅಲುಗಿಸಲಿಲ್ಲ. ನನ್ನ ಹಿಂದೆ ಹೆನ್ರಿಕ್‌ನ ಕೈಯಲ್ಲಿ ನನ್ನ ಬಂದೂಕು ಸಿಡಿಯಿತು. ಆಕಾಶಕ್ಕೆ. ನಾನು ಇನ್ನೊಂದು ಗುಂಡು ಏರಿಸುವಷ್ಟರಲ್ಲಿ ಕೊಂಬು ಜಿಂದೋಗನ ಹೊಟ್ಟೆ ಹೊಕ್ಕಿತ್ತು, ಕುತ್ತಿಗೆಗೆ ಹೊಡೆದಾಗ ಕೋಣ ಅವನ ಮೇಲೆಯೇ ಬಿತ್ತು.

ನನ್ನ ಕೈಯಲ್ಲಿ ಮಾವ ಇದ್ದು, ನಾನು ಅದರಲ್ಲಿ ತುಂಬುವ ಗಟ್ಟಿ ಗುಂಡು ಇದ್ದಿದ್ದರೆ ಆ ಮೊದಲ ಹೊಡೆತಕ್ಕೇ ಕೋಣ ಮಂಡಿಯೂರುತ್ತಿತ್ತೇ? ಎಷ್ಟೋ ಸಲ ಹಾಗಾದದ್ದನ್ನು ಕಂಡಿದ್ದೇನೆ. ಆಗದೆಯೂ ಇರಬಹುದಿತ್ತು. ಜಿಂದೋಗನಿಗೆ ಆ ಒಂದು ಅವಕಾಶ ಇರಬೇಕಾಗಿತ್ತು, ಇರಲಿಲ್ಲ.

ಗಾಡಿಯ ಹಿಂಭಾಗದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಹೆನ್ರಿಕ್ ಅವನ ಹೊಟ್ಟೆಗೆ ತನ್ನ ಅಂಗಿ ಒತ್ತಿ ಹಿಡಿದು, ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದ. ಆಸ್ಪತ್ರೆ ಇನ್ನೂ ಒಂದು ಗಂಟೆಯ ದಾರಿ.

"ಸತ್ತಿತೇನೋ?" ಎಂದು ಕೇಳಿದ ಜಿಂದೋಗ.

"ಸತ್ತಿತು."

"ಪಾಪ. ಬಾಳ ಹೊತ್ತು ನೋವು ತಿಂತು," ಎಂದ. ಅದೇ ಕೊನೆಯ ಮಾತು. ತನ್ನ ಬಗ್ಗೆ ಏನೂ ಹೇಳಲಿಲ್ಲ, ನನಗೂ ಏನೂ ಹೇಳಲಿಲ್ಲ. ಬೈದಾದರೂ ಬೈದಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ.

ಅರಣ್ಯ ಕಚೇರಿಗೆ ನಾನು ಬರೆದುಕೊಟ್ಟ ಹೇಳಿಕೆಯಲ್ಲಿ ನಾಲ್ಕು ಸಾಲು. ಗಾಯಗೊಂಡ ಕೋಣ ಹಠಾತ್ತನೆ ಎಡದಿಂದ ನುಗ್ಗಿತು, ಗುಂಡು ಹಾರಿಸಲಾಯಿತು, ಹೆಜ್ಜೆಗಾರ ತೀರಿಕೊಂಡ. ಒಂದಕ್ಷರವೂ ಸುಳ್ಳಲ್ಲ. ಯಾರ ಬಂದೂಕು ಯಾರ ಕೈಯಲ್ಲಿತ್ತೆಂದು ಅದರಲ್ಲಿ ಇರಲಿಲ್ಲ. ಹೆನ್ರಿಕ್ ಸಾವಿನ ಮನೆಗೆ ಬರುತ್ತೇನೆಂದು ಹಟ ಹಿಡಿದ. ನಮ್ಮ ಕ್ರಮದಲ್ಲಿ ಅದು ಆಗುವುದಿಲ್ಲ, ಬರಬೇಡಿ ಎಂದೆ. ಅಂಥ ಕ್ರಮವೇನೂ ನಮ್ಮಲ್ಲಿಲ್ಲ. ಅವನು ಬಂದರೆ ನಿಜ ಹೇಳಿಬಿಡುತ್ತಾನೆಂಬ ಹೆದರಿಕೆ ನನಗಿತ್ತು.

ಹೀಗೆಲ್ಲ ಆಗಿ, ಈಗ ನಾನು ಅವನ ಕೋಟು ಹಾಕಿಕೊಂಡು ಅಂಗಳದ ನಡುವೆ ನಿಂತಿದ್ದೆ. ಗುಡಿಸಲೊಳಗೆ ಅವನು ಕಂಬಳಿ ಸುತ್ತಿಕೊಂಡು ಮಲಗಿದ್ದ. ಹೆಂಗಸರು ಚಾಪೆಯ ಮೇಲೆ, ಗಂಡಸರು ಜಾಲಿ ಮರದ ಕೆಳಗೆ. ಕಂಬರಾಮಿ ಮಣೆಯ ಮೇಲೆ ಕೂತು ಊರುಗೋಲಿಗೆ ಗಲ್ಲ ಊರಿದ್ದ.

ನನ್ನ ಯೋಚನೆ ಇದು: ಆಟದಲ್ಲಿ ಹೇಳಿಬಿಡುವುದು. ಸಾಹ್ವಿರ ಏನೇ ಅಂದರೂ ಸಿಟ್ಟಿಲ್ಲ. ನಿಜ ಹೊರಗೆ ಬರುತ್ತದೆ, ಜಿಂದೋಗನ ಮೇಲಿನ ತಪ್ಪು ಇಳಿಯುತ್ತದೆ, ನನ್ನ ಮೈಗೂ ಏಟು ಬೀಳುವುದಿಲ್ಲ. ಬುದ್ಧಿವಂತ ನಾನು.

ಮೊದಲು ಅವನ ನಡಿಗೆ ನಡೆದೆ, ಎಡಗಾಲು ಸ್ವಲ್ಪ ಎಳೆದು, ಕಣ್ಣು ನೆಲದ ಮೇಲೆ. ನೇರ ಹೋಗಿ ಕಂಬರಾಮಿಯ ಮಣೆಗೆ ಎಡವಿದೆ. "ಅಯ್ಯೋ, ಇಲ್ಲೊಂದು ಮುದಿ ಕೋಣ ಮಲಗಿದೆ ಕಣ್ರೋ, ಹಲ್ಲೇ ಇಲ್ಲ!" ಎಂದೆ. ನಗು ಶುರುವಾಯಿತು. ಕುಡಿದು ಬಂದ ದಿನ ಹೆಂಡತಿಗೆ ಹೆದರಿ ಅವನು ಜೋಳದ ಕಣಜದಲ್ಲಿ ಅಡಗಿ ಅಲ್ಲೇ ಗೊರಕೆ ಹೊಡೆದದ್ದು, ಜೇನು ಕೀಳಲು ಹೋಗಿ ಚಡ್ಡಿ ಬಿಟ್ಟು ಓಡಿಬಂದದ್ದು, ಎಲ್ಲ ಆಡಿದೆ. ಜನ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಆ ಸಂಜೆಯನ್ನು ಆಡಿದೆ. ಕಣ್ಣು ಮುಚ್ಚಿ ಬಂದೂಕು ಹಾರಿಸುವ ಹೆನ್ರಿಕ್ ಆದೆ. ಗಾಡಿಯ ಹಿಂದಕ್ಕೆ ಎಳೆದು ಬೈಯುವ ಜಿಂದೋಗ ಆದೆ. ಹೊಟ್ಟೆ ಮುಂದೆ ಮಾಡಿ, ಬಂದೂಕು ಸವರುತ್ತ, "ಇದು ಇನ್ನೂ ಒಳ್ಳೇದು!" ಎನ್ನುವ ತವೆಂಗ್ವಾ ಆದೆ. ಅದಕ್ಕೆ ಅತಿ ದೊಡ್ಡ ನಗು ಬಂತು. "ಮಾವನ್ನ ಇಸ್ಕೋ!" "ಅತಿಥಿ ಕಣೋ, ಅತಿಥಿ!" ಎಂದು ಎರಡೂ ದನಿಯಲ್ಲಿ ಕೂಗಿ, ಕೋಣವಾಗಿ ನುಗ್ಗಿ, ಜಿಂದೋಗನಾಗಿ ಬಿದ್ದೆ.

ಬಿದ್ದಲ್ಲೇ ಕಾದೆ. ಈಗ ಯಾರಾದರೂ ಕೇಳುತ್ತಾರೆ ಎಂದುಕೊಂಡೆ.

ಕಂಬರಾಮಿ ಕಣ್ಣೀರು ಒರೆಸಿಕೊಂಡು, "ಚೆನ್ನಾಗಿ ಆಡ್ದೆ ಕಣೋ. ನಿಮ್ಮಪ್ಪನ್ನೂ ಮೀರಿಸ್ದೆ," ಎಂದ. ಆಮೇಲೆ ಗಂಡಸರ ಕಡೆ ತಿರುಗಿ, "ಹೊತ್ತಾಯ್ತು. ಹೊಳೆ ಹತ್ರ ತೋಡೋಕೆ ಹೋಗ್ರಪ್ಪಾ," ಎಂದ.

ನನ್ನ ಮಾತನ್ನು ಯಾರೂ ಸಾಕ್ಷಿ ಎಂದುಕೊಂಡಿರಲಿಲ್ಲ. ಸಾಹ್ವಿರನ ಮಾತು ನಗುವುದಕ್ಕೆ. ಗುದ್ದಲಿ ಹಿಡಿದವರು ಏಳತೊಡಗಿದರು.

"ತವೆಂಗ್ವಾ," ಎಂದಳು ಮುಚನೆತ. ಅವಳು ಒಂದು ಸಲವೂ ನಕ್ಕಿರಲಿಲ್ಲ, ಅದನ್ನು ನಾನು ಆಗ ಗಮನಿಸಿದೆ. "ಇಲ್ಲಿ ಬಾ."

ಹೋದೆ.

"ಆ ಕೋಟು ಬಿಚ್ಚು."

ಬಿಚ್ಚಿದೆ. ಅವಳು ಅದನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು.

"ಈಗ ಅದನ್ನೇ ಇನ್ನೊಂದ್ಸಲ ಹೇಳು. ನಗಿಸ್ದೆ ಹೇಳು."

ಗುದ್ದಲಿ ಹಿಡಿದು ಹೊರಟವರು ತಿರುಗಿ ನಿಂತರು. ಒಬ್ಬ ಮುದುಕಿ, "ಸಾಹ್ವಿರನ್ನ ಹಂಗೆ ಕೇಳ್ಬಾರ್ದಮ್ಮ," ಎಂದಳು.

"ಸಾಹ್ವಿರನ್ನ ಕೇಳ್ತಾ ಇಲ್ಲ ಅಜ್ಜಿ. ನನ್ನ ಗಂಡನ ಬೆನ್ನ ಹಿಂದೆ ನಿಂತಿದ್ದೋನ್ನ ಕೇಳ್ತಿದೀನಿ."

ನಾನು ನೆಲದ ಮೇಲೆ ಕೂತೆ. ಹೇಳಿದೆ.

"ದೊಡ್ಡ ಬಂದೂಕು ನಂದು. ಅದು ನನ್ನ ಕೈಲಿರ್ಬೇಕಾಗಿತ್ತು. ಅತಿಥಿಗೆ ಅವನದೇ ಸಾಕಾಗಿತ್ತು, ಜಂಬಕ್ಕೆ ಕೊಟ್ಟೆ. ಅವನಿಗೆ ಅದು ಆಗಲ್ಲ ಅಂತ ಜಿಂದೋಗ ಮೊದಲ್ನೇ ದಿನಾನೇ ಹೇಳ್ದ. ನಾನು ನಕ್ಕೆ. ಪೊದೆಗೆ ಹೋಗೋಕೆ ಮುಂಚೆ, ಇಸ್ಕೋ ಅಂತ ಮತ್ತೆ ಹೇಳ್ದ. ಇಸ್ಕೊಳ್ಳೋಕೆ ನಂಗೆ ನಾಚ್ಕೆ ಆಯ್ತು. ಅವ್ನು ಗೊತ್ತಿದ್ದೂ ಮುಂದೆ ನಡೆದ. ಕೋಣ ಬಂದಾಗ ನನ್ನ ಕೈಲಿದ್ದ ಗುಂಡು ಅದನ್ನ ನಿಲ್ಲಿಸ್ಲಿಲ್ಲ." ಇಷ್ಟೇ ಇತ್ತು. ಆಟದಲ್ಲಿ ಅರ್ಧ ಗಂಟೆ ಹಿಡಿದದ್ದು ಹೀಗೆ ಹೇಳಿದರೆ ಅರೆ ನಿಮಿಷಕ್ಕೆ ಮುಗಿಯಿತು.

ಕಂಬರಾಮಿ ಕೇಳಿದ. "ಅರಣ್ಯ ಕಚೇರಿಗೆ ಕೊಟ್ಟ ಕಾಗದದಲ್ಲಿ ಹಿಂಗೆ ಬರೆದಿದೀಯಾ?"

"ಇಲ್ಲ."

"ಬರೀತೀಯಾ?"

"ಬರೀತೀನಿ."

"ಲೈಸೆನ್ಸು ಹೋಗುತ್ತೆ ನಿಂದು."

"ಹೋಗ್ಲಿ."

"ಆದ್ರೂ ಅವ್ನು ತನ್ನ ಕುಲದ ಪ್ರಾಣೀನ ಹಿಡಿದುಕೊಟ್ಟಿದ್ದು ಸುಳ್ಳಲ್ಲವಲ್ಲ."

"ಸುಳ್ಳಲ್ಲ ದೊಡ್ಡಪ್ಪ. ಆದ್ರೆ ಆ ಕೋಣ ನರಳಬಾರ್ದು ಅಂತ ಅಲ್ಲಿ ನಿಜವಾಗಿ ಯೋಚ್ನೆ ಮಾಡಿದ್ದು ಅವ್ನೊಬ್ನೇ. ಹೊಟ್ಟೆಗೆ ಹೋಗುತ್ತೆ ಅಂತ ಅವನೇ ಮೊದಲು ಹೇಳಿದ್ದು. ನನ್ನ ತೊಡೆ ಮೇಲೆ ಸಾಯ್ತಾ ಇದ್ದಾಗ್ಲೂ ಕೋಣಕ್ಕೆ ಪಾಪ ಅಂದ, ತನಗೆ ಅಲ್ಲ."

ಕಂಬರಾಮಿ ಊರುಗೋಲು ಊರಿ ಎದ್ದ. ಯಾರ ಮುಖವನ್ನೂ ನೋಡದೆ ಅಂಗಳ ದಾಟಿ, ಮನೆಯ ಹಿಂದಿನ ದಿಬ್ಬದಲ್ಲಿ ತನ್ನ ತಮ್ಮನ, ಎಂದರೆ ಜಿಂದೋಗನ ಅಪ್ಪನ, ಗೋರಿ ಇರುವಲ್ಲಿಗೆ ನಿಧಾನವಾಗಿ ಹತ್ತಿ ಹೋದ. ಅದರ ಪಕ್ಕದ ಮಣ್ಣಿನಲ್ಲಿ ಕೋಲಿನಿಂದ ಉದ್ದಕ್ಕೂ ಒಂದು ಗೆರೆ ಎಳೆದ.

"ಇಲ್ಲಿ ತೋಡಿ," ಎಂದ.

ನಾನು ಎದ್ದು ಗುದ್ದಲಿ ತೆಗೆದುಕೊಂಡೆ. ಅದು ನನ್ನ ಕೆಲಸ. ಮುಚನೆತ ಹಿಂದಿನಿಂದ ಬಂದು ಗುದ್ದಲಿಯ ಕಾವಿಗೆ ಕೈ ಹಾಕಿದಳು.

"ಬಿಡು. ಬೇರೆಯವ್ರು ತೋಡ್ತಾರೆ."

"ಮಾಯಿ, ಇದನ್ನಾದ್ರೂ ಮಾಡೋಕೆ ಬಿಡು ನನ್ನ."

"ಗುಂಡಿ ತೋಡೋ ಸಾಹ್ವಿರ ಅಳೋ ಹಾಗಿಲ್ಲ, ಗೊತ್ತಲ್ವಾ? ನಿನ್ನೆಯಿಂದ ನೋಡ್ತಿದೀನಿ, ಮೈ ತೊಳೆಯೋವಾಗ ತುಟಿ ಕಚ್ಕೊಂಡು ತೊಳೆದೆ, ಆಡೋವಾಗ ಕಚ್ಕೊಂಡು ಆಡ್ದೆ. ಕ್ಷಮಿಸಿದೀನಿ ಅಂತ ಅಂದ್ಕೋಬೇಡ. ಆ ಮಾತು ನನ್ನ ಬಾಯಲ್ಲಿ ಬರಲ್ಲ, ಬರುತ್ತೋ ಇಲ್ವೋ ನಂಗೇ ಗೊತ್ತಿಲ್ಲ. ಆದ್ರೆ ನಿನ್ನಷ್ಟು ಅವ್ನ ಜೊತೆ ನಡೆದೋರು ಇಲ್ಲಿ ಯಾರೂ ಇಲ್ಲ. ಕೂತ್ಕೊ. ಅತ್ಬಿಡು."

ಗುದ್ದಲಿಯನ್ನು ಅವಳು ಇನ್ನೊಬ್ಬರಿಗೆ ಕೊಟ್ಟಳು. ಚಾಪೆಯ ಮೇಲಿದ್ದ ಹೆಂಗಸರು ಸರಿದು ಜಾಗ ಮಾಡಿದರು. ನಾನು ಅವಳ ಪಕ್ಕ ಕೂತೆ. ಮೇಲೆ ದಿಬ್ಬದಲ್ಲಿ ಗಟ್ಟಿ ನೆಲಕ್ಕೆ ಗುದ್ದಲಿ ಬೀಳತೊಡಗಿತು, ಒಂದೊಂದು ಏಟಿಗೂ ನನ್ನ ಕೈ ತಾನಾಗಿ ಬಿಗಿಯುತ್ತಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ನಾನು ಮುಖ ಮುಚ್ಚಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಅತ್ತೆ.